ಕೊಂಡಜ್ಜಿಯ ಒಂಟಿ ಮರಗೆಣಸು

೧೯೬೧ರಲ್ಲಿ ನಾನು ಕೊಂಡಜ್ಜಿ ಊರಿನ ಗ್ರಾಮಸೇವಕ, ರೈತರಿಗೆ ಹೊಸ ಬೇಸಾಯ ಹೇಳಿಕೊಡುವ ಸರ್ಕಾರಿ ನೌಕರ. ಆಗ ನನಗೆ ಬುದ್ಧಿಗಿಂತ ಹುಮ್ಮಸ್ಸು ಜಾಸ್ತಿ, ಬಿಡಿ. ಹರಿಹರದ ಸಂತೆಯಲ್ಲಿ ಯಾರೋ ಮಾರುತ್ತಿದ್ದ ಮರಗೆಣಸಿನ ಕಡ್ಡಿ ಎರಡು ಚೀಲ ತಂದು, "ಮಣ್ಣೊಳಗೇ ಅನ್ನ ಬೆಳೀತೈತೆ ಕಣಮ್ಮ" ಎಂದು ಕೊಚ್ಚಿಕೊಂಡು, ಜೋಳ ಬಿತ್ತಬೇಕಿದ್ದ ಉಡಚಮ್ಮನ ಅರ್ಧ ಎಕರೆಗೆ ನೆಡಿಸಿದೆ. ಆಕೆಗಿದ್ದದ್ದೇ ಅಷ್ಟು ನೆಲ. ಗಂಡ ಸತ್ತಿದ್ದ; ಅತ್ತೆ, ಇಬ್ಬರು ಮಕ್ಕಳು, ತಾನು.

ನಾಲ್ಕು ತಿಂಗಳಿಗೆ ಎಲೆಯೆಲ್ಲ ಹಳದಿ ಮಚ್ಚೆಯಾಗಿ ಮುದುರಿತು. ಬಿಳಿ ನೊಣ ಹರಡುವ ರೋಗ. ನಡುವಿನ ಒಂದೇ ಒಂದು ಗಿಡ ಮಾತ್ರ ಹಚ್ಚಗೆ ನಿಂತಿತ್ತು. ನನಗೆ ಹೋದ ಜೀವ ಬಂತು.

"ರೋಗ ತಡೆಯೋದು ಇದರ ಹುಟ್ಟುಗುಣ ಕಣಮ್ಮ. ಉಳಿದದ್ದು ಕಿತ್ತು ಸುಡು, ಇದನ್ನ ಕಡಿದು ತುಂಡು ನೆಡು. ಬೀಜ ನಂಬಬ್ಯಾಡ, ಅಪ್ಪ ಯಾರಂತ ಗೊತ್ತಿರಲ್ಲ. ಕಡ್ಡಿಗಾದ್ರೆ ತಾಯಿಗುಣ ಹಂಗೇ ಇಳೀತೈತೆ."

ಮರುದಿನ ಬಂದು ನೋಡುತ್ತೇನೆ, ಗಿಡಕ್ಕೆ ಹಸಿರು ಬಳೆ, ಕುಂಕುಮ, ರವಿಕೆಯ ಕಣ! ಅತ್ತೆ ಹುಲಿಗೆಮ್ಮನ ಕೆಲಸ.

"ಎಲ್ಲಾ ಸತ್ರೂ ಇದೊಂದೇ ಉಳಿದೈತೆ ಅಂದ್ರೆ ಸುಮ್ನೇನಾ? ಅಮ್ಮ ಬಂದು ನಿಂತಾಳೆ. ಮಚ್ಚು ಎತ್ತಿದ್ರೆ ನನ್ನ ಹೆಣ ಬೀಳ್ತೈತೆ!"

ಊರು ನೆರೆಯಿತು. ಕಾಯಿ ಒಡೆದರು, ಬುಡದಲ್ಲೇ ಕರ್ಪೂರ ಹಚ್ಚಿದರು. ನೊಣ ತಿನ್ನಲಾಗದ್ದನ್ನು ಭಕ್ತರು ಸುಟ್ಟುಹಾಕುವಂತಿತ್ತು. ಎಂಟು ದಿನಕ್ಕೆ ಕೆಳಗಿನ ಎಲೆಗಳು ಕಮರಿದವು. ನನಗೆ ಅಳು ಬಂತು.

ಉಡಚಮ್ಮ ನನ್ನನ್ನು ಬದುವಿಗೆ ಕರೆದಳು. "ಕಡಿದ್ರೆ ಚಿಗುರ್ತೈತಾ? ಖರೇ ಹೇಳ್ರಿ. ನನ್ನ ಮಕ್ಕಳ ಹೊಟ್ಟೆ ಇದು."

"ಚಿಗುರ್ತೈತೆ" ಎಂದೆ.

ಆಕೆ ಗಿಡದ ಬಳೆಗಳನ್ನು ಒಂದೊಂದೇ ಬಿಚ್ಚಿ ಅತ್ತೆಯ ಮಡಿಲಿಗೆ ಹಾಕಿದಳು. ಆಮೇಲೆ ಮಚ್ಚು ಬೀಸಿದಳು. ಹುಲಿಗೆಮ್ಮ ಕಿರುಚಿ, ಸೊಸೆಯನ್ನು ಬಿಟ್ಟು ನನ್ನ ವಂಶವನ್ನೆಲ್ಲ ಹರಸಿದಳು: "ನಿನ್ನ ಬಾಯಿಗೆ ಮಣ್ಣ ಹಾಕ!" ಗಿಡ ಹದಿನೆಂಟು ತುಂಡಾಯಿತು; ರೋಗದ ಗಿಡ ಕಿತ್ತ ಜಾಗದಲ್ಲಿ ಉಡಚಮ್ಮ ಅವನ್ನು ಸಾಲಾಗಿ ನೆಟ್ಟಳು.

ಒಂದೂವರೆ ತಿಂಗಳು ಹೆದರಿ ಆ ಕಡೆ ಸುಳಿಯಲಿಲ್ಲ. ಕೊನೆಗೆ ಹೋದರೆ, ಹದಿನೆಂಟೂ ಮೊಣಕಾಲೆತ್ತರ, ಒಂದೆಲೆಯೂ ಮುದುರಿಲ್ಲ. ಸಾಲಿನ ನಡುವೆ ಹುಲಿಗೆಮ್ಮ ಕೊಡ ಹಿಡಿದು ನೀರು ಹೊಯ್ಯುತ್ತಿದ್ದಳು. ನನ್ನನ್ನು ಕಂಡದ್ದೇ ಗುಡುಗಿದಳು:

"ಅಲ್ಲೇ ನಿಂದ್ರು! ಹದಿನೆಂಟು ಅಮ್ಮಂದಿರು ನಿಂತಾರೆ, ಕಣ್ಣು ಕಾಣಲ್ವಾ? ಚಪ್ಪಲಿ ಬಿಟ್ಟು ಬಾ."

ಬಿಟ್ಟೆ.