ಷಡ್ಡಕನ ಅಳತೆ

ಹಾಯಿ ಹೊಲಿಯುವವನಿಗೆ ತನ್ನ ಷಡ್ಡಕನನ್ನು ಕಂಡರೆ ಆಗುತ್ತಿರಲಿಲ್ಲ. ಮದುವೆಯಾದಾಗಿನಿಂದ ಅವನು ದುಡಿದದ್ದು ಮಾವನ ಅಂಗಡಿಯಲ್ಲೇ. ಕೆರೆಯ ದಂಡೆಯ ಆ ಅಂಗಡಿಯಿಂದ ಬಾಡಿಗೆಗೆ ಹೋಗುವ ಒಂದೊಂದು ಹಾಯಿಯಲ್ಲೂ ಅವನ ಕೈಹೊಲಿಗೆಯಿತ್ತು. ಈಚೆಗೆ ಫಾಯಿಲ್ ಬೋರ್ಡುಗಳು ಬಂದಿದ್ದವು. ಬೋರ್ಡಿನ ಅಡಿಗೆ ಉದ್ದನೆಯ ಕಾಲು, ಅದರ ತುದಿಯಲ್ಲಿ ಮುಂದೊಂದು, ಹಿಂದೊಂದು ರೆಕ್ಕೆ. ಹಾಯಿಗೆ ಗಾಳಿ ಹಿಡಿದರೆ ಬೋರ್ಡು ನೀರು ಬಿಟ್ಟು ಮೇಲೆದ್ದು ಓಡಬೇಕು. ಅವನದು ಮಾತ್ರ ಕೆಸರಲ್ಲಿ ಮಲಗಿದ ಎಮ್ಮೆಯಂತೆ ಏಳುತ್ತಲೇ ಇರಲಿಲ್ಲ.

ನಾದಿನಿಯ ಗಂಡ ಬಸ್ ಡ್ರೈವರ್, ಕಡ್ಡಿಯಂಥ ಆಸಾಮಿ. ನೆಂಟನಾಗಿ ಬಂದವನು ಅಂಗಡಿಯದೇ ಒಂದು ಬೋರ್ಡು ಹಿಡಿದು, ಅಲ್ಲಿ ಸರಿಸಿ, ಇಲ್ಲಿ ಬಿಗಿದು, ವಾರ ತುಂಬುವುದರೊಳಗೆ ಹಾರಿಯೇಬಿಟ್ಟ.

ಮಾವ ಅಂಗಡಿ ಬಾಗಿಲಲ್ಲಿ ಚಪ್ಪಾಳೆ ತಟ್ಟಿದರು. "ನೋಡಯ್ಯಾ, ಸಣ್ಣಳಿಯ ಹೇಗೆ ಹೋಗ್ತಾನೆ! ನೀನೂ ಸ್ವಲ್ಪ ಕಲ್ಕೋ."

ದೊಡ್ಡಳಿಯ ಕೈಯ ಸೂಜಿಯನ್ನು ಹಾಯಿಗೆ ಚುಚ್ಚಿಟ್ಟು ಒಳಗೆ ನಡೆದ. ಊಟಕ್ಕೆ ಕೂತರೂ ಅದೇ ಮಾತು. ಹೆಂಡತಿ ಕೂಡ ಷಡ್ಡಕನ ತಟ್ಟೆಗೇ ಮೊದಲು ಬಡಿಸಿದಂತೆ ಕಂಡಿತು.

"ಏನ್ರೀ, ಮುಖ ಯಾಕೆ ಊದಿಸ್ಕೊಂಡಿದ್ದೀರಿ?"

"ನನ್ನ ಮುಖ ಇರೋದೇ ಹೀಗೆ."

ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಅವನು ಟೇಪು ಹಿಡಿದು ಶೆಡ್ಡಿಗೆ ಹೋದ. ಷಡ್ಡಕನ ಬೋರ್ಡಿನಲ್ಲಿ ಹಾಯಿಕಂಬದ ಬುಡ ಎಲ್ಲಿದೆ, ಹಿಂದಿನ ರೆಕ್ಕೆ ಓರೆಯಾಗಲೆಂದು ಅದರಡಿಗೆ ಎಷ್ಟು ದಪ್ಪದ ಬಿಲ್ಲೆ ಕೊಟ್ಟಿದೆ, ಎಲ್ಲ ಅಳೆದು ತನ್ನ ಬೋರ್ಡಿಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದಂತೆ ಕೂರಿಸಿದ. ಸಂಜೆ ಗಾಳಿ ಎದ್ದಾಗ ಮಾವನ ಕಣ್ಣೆದುರೇ ನೀರಿಗಿಳಿದ.

ಬೋರ್ಡು ಮೂಗನ್ನು ನೀರಿಗೆ ಊರಿತು. ಹಟಕ್ಕೆ ಬಿದ್ದು ಮೈಭಾರವನ್ನೆಲ್ಲ ಹಿಂದಿಟ್ಟ ತನ್ನ ಕಾಲಿಗೆ ಹಾಕಿದ. ಅದು ಬೆದರಿದ ಕುದುರೆಯಂತೆ ಒಮ್ಮೆಲೇ ಎದ್ದು ನಿಂತಿತು. ರೆಕ್ಕೆ ನೀರಿನಿಂದಾಚೆ ಬಂತು. ಅವನು ಅಂಗಾತ ಬಿದ್ದ, ಹಾಯಿ ಅವನ ಮೇಲೆ.

ಈಜಿ ಹೋಗಿ ಎಳೆದು ತಂದವನು ಷಡ್ಡಕನೇ. ದಡದಲ್ಲಿ ಬೋರ್ಡು ಮಗುಚಿದವನು ಹಿಂದಿನ ರೆಕ್ಕೆಯ ಬಿಲ್ಲೆಯ ಮೇಲೆ ಬೆರಳಿಟ್ಟ.

"ಭಾವ, ಇದು ನನ್ನ ಅಳತೆ ಅಲ್ವಾ?"

ಹಾಯಿ ಹೊಲಿಯುವವನ ಕಿವಿ ಬಿಸಿಯಾಯಿತು. "ಆದ್ರೆ ಏನೀಗ?"

"ಕೇಳಿದ್ರೆ ಹೇಳ್ತಿದ್ನಲ್ಲ. ನನ್ನ ಮೈಯಲ್ಲಿ ತೂಕ ಎಲ್ಲಿದೆ? ಬೋರ್ಡು ಸುಮ್ನೆ ಮೇಲೆ ಹಾರುತ್ತೆ ಅಂತ ಕಂಬ ಮುಂದೆ ತಳ್ಳಿ ಮೂಗು ಒತ್ತಿಟ್ಟಿದ್ದೀನಿ. ನೀವು ಗಟ್ಟಿ ಆಳು. ನಿಮಗೆ ಕಂಬ ಹಿಂದೆ ಬರ್ಬೇಕು."

ಅವನೇ ಕಂಬದ ಬುಡವನ್ನು ಹಿಂದಕ್ಕೆ ಸರಿಸಿದ, ರೆಕ್ಕೆಯ ಬಿಲ್ಲೆ ಬದಲಿಸಿದ. "ಎರಡೂ ಕಾಲಿಗೆ ಭಾರ ಹಂಚಿ. ಒದೀಬೇಡಿ."

ಈ ಸಲ ಬೋರ್ಡು ಮೆಲ್ಲಗೆ ಎದ್ದಿತು. ಅಡಿಯಲ್ಲಿ ಬಡಿಯುತ್ತಿದ್ದ ನೀರಿನ ಸದ್ದು ನಿಂತುಹೋಯಿತು. ಕೆರೆಯ ನಡುವಿನವರೆಗೂ ಅವನಿಗೆ ಮಾವನ ನೆನಪಾಗಲಿ ಷಡ್ಡಕನ ನೆನಪಾಗಲಿ ಬರಲಿಲ್ಲ.

ದಡಕ್ಕೆ ಬಂದಾಗ ಮಾವ "ಭಲೇ!" ಎಂದು ಬೆನ್ನು ತಟ್ಟುತ್ತಿದ್ದರು, ಷಡ್ಡಕನ ಬೆನ್ನು. "ಇಂಥವನನ್ನೂ ಹಾರಿಸಿಬಿಟ್ಯಲ್ಲೋ!"

ಉಪಕಾರವಾಯಿತು ಎನ್ನಲು ಬಂದವನು ತಿರುಗಿ ಹಾಯಿ ಬಿಚ್ಚತೊಡಗಿದ. ಹೆಂಡತಿ ಟವೆಲು ಹಿಡಿದು ಹತ್ತಿರ ಬಂದಳು.

"ಹಾರಿದ್ರಿ ಕಣ್ರೀ! ನಾನು ನೋಡ್ತಾನೇ ಇದ್ದೆ."

"ಅವನಿಗಿಂತ ಎತ್ತರಾನಾ?"

"ಥೂ, ನಿಮ್ಮ!" ಎಂದು ಅವಳು ಟವೆಲನ್ನು ಅವನ ಮುಖಕ್ಕೇ ಎಸೆದು ನಗುತ್ತ ಒಳಗೆ ಹೋದಳು.