ನೂರ ಹದಿನೇಳನೆಯ ದನಿ

“ಇದು ಇವರ ದನಿ ಅಲ್ಲ,” ಎಂದು ಟೈಲರಮ್ಮ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. “ಬೇರೆ ಯಾರದ್ದೋ ಹಾಕಿದ್ದೀಯ. ಇನ್ನೊಂದು ಸಲ ನೋಡಮ್ಮ.”

ಟೆಕ್ನಿಷಿಯನ್ ಇನ್ನೊಂದು ಸಲ ನೋಡಿದಳು. ಸಂಖ್ಯೆ ನೂರ ಹದಿನೇಳು, ಗಂಡಸು, ವಯಸ್ಸು ಅರವತ್ತೊಂದು, ಧ್ವನಿಪೆಟ್ಟಿಗೆ ತೆಗೆಯುವ ಆಪರೇಷನ್ನಿನ ಹಿಂದಿನ ದಿನ. ರಿಜಿಸ್ಟರಿನಲ್ಲೂ ಅದೇ ಸಂಖ್ಯೆ, ಅದರ ಮುಂದೆ ಅದೇ ಮನುಷ್ಯನ ಸಹಿ. ಆ ಮನುಷ್ಯ ಈಗ ಹೆಂಡತಿಯ ಹಿಂದೆ, ಗೋಡೆ ಪಕ್ಕದ ಕುರ್ಚಿಯಲ್ಲಿ, ಕುತ್ತಿಗೆಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಂಡು ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡು ಕೂತಿದ್ದರು. ವಾಚ್ ರಿಪೇರಿ ಅವರ ಕಸುಬು. ದನಿ ಹೋಗಿ ಎರಡು ವರ್ಷವಾಗಿತ್ತು.

“ಇವರದ್ದೇ ಅಮ್ಮ. ಇದೇ ರೂಮಲ್ಲಿ ನಾನೇ ರೆಕಾರ್ಡ್ ಮಾಡಿದ್ದು.”

“ಮೂವತ್ತೈದು ವರ್ಷ ಸಂಸಾರ ಮಾಡಿದೀನಿ. ನನಗೆ ಗೊತ್ತಾಗಲ್ವಾ?”

ಗಂಟಲಿನ ಕ್ಯಾನ್ಸರನ್ನು ರೋಗಿಯ ದನಿಯಿಂದಲೇ ಬೇಗ ಪತ್ತೆಹಚ್ಚಬಹುದೇ ಎಂದು ಈ ಆಸ್ಪತ್ರೆಯ ಕಿವಿ-ಗಂಟಲು ವಿಭಾಗದವರು ಐದು ವರ್ಷ ಸಂಶೋಧನೆ ನಡೆಸಿದ್ದರು. ಇನ್ನೂರಕ್ಕೂ ಹೆಚ್ಚು ಜನರ ದನಿ ದಾಖಲಾದದ್ದು ಈ ಕೋಣೆಯಲ್ಲೇ. ಗೋಡೆಗೆಲ್ಲ ಸ್ಪಂಜು ಬಡಿದಿದ್ದರು. ಕಿಟಕಿ ಇರಲಿಲ್ಲ. ಸದ್ದು ಸೇರುತ್ತದೆಂದು ಫ್ಯಾನನ್ನೂ ಹಾಕುವಂತಿರಲಿಲ್ಲವಾದ್ದರಿಂದ ಒಳಗೆ ಬಂದವರು ಮೊದಲು ಬೆವರುತ್ತಿದ್ದರು, ಆಮೇಲೆ ಓದುತ್ತಿದ್ದರು. ಎಲ್ಲರಿಗೂ ಒಂದೇ ಹಾಳೆ. ಎಲ್ಲ ಅಕ್ಷರಗಳೂ ಬರಬೇಕೆಂದು ಪ್ರೊಫೆಸರ್ ಸ್ವತಃ ಬರೆದ ಅದರಲ್ಲಿ ಅಕ್ಷರಗಳೇನೋ ಬಂದಿದ್ದವು, ಅರ್ಥ ಮಾತ್ರ ಬರಲು ಮರೆತಿತ್ತು: ಛತ್ರಿ ಹಿಡಿದವನು ಝರಿ ದಾಟಿದ. ಘಂಟೆ ಬಾರಿಸಿದವನು ಊಟ ಮಾಡಿದ. ಫಲ ಕಿತ್ತವಳು ಢಂ ಎಂದು ಬಿದ್ದಳು. ಜೀವನದಲ್ಲಿ ಕೊನೆಯ ಸಲ ಬಾಯಿಬಿಟ್ಟು ಓದಬೇಕಾದದ್ದು ಇದನ್ನಲ್ಲ ಎಂದು ಎಷ್ಟು ಜನಕ್ಕೆ ಅನಿಸಿತ್ತೋ, ಯಾರೂ ಹೇಳಿರಲಿಲ್ಲ.

ಈಗ ಸಂಶೋಧನೆ ಮುಗಿದು ವರದಿಯೂ ಹೋಗಿತ್ತು. ಒಪ್ಪಿಗೆ ಪತ್ರದಲ್ಲಿ ಹೇಳಿದಂತೆ ಶನಿವಾರ ಎಲ್ಲವನ್ನೂ ಅಳಿಸಬೇಕು. ಅಷ್ಟರೊಳಗೆ ರೋಗಿಯೇ ಬಂದು ಸಹಿ ಹಾಕಿದರೆ ಒಂದು ಪ್ರತಿ ಕೊಡಬಹುದು ಎಂದು ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದ್ದರು. ಇಂದು ಗುರುವಾರ. ಚೀಟಿ ಓದಿ ಬಂದವರು ಇವರಿಬ್ಬರೇ.

ಅದನ್ನು ಓದಿದ್ದು ಟೈಲರಮ್ಮ, ತಮ್ಮ ಕಿವಿ ತೋರಿಸಲು ಬಂದಾಗ. ಎರಡನೆಯ ಹೆರಿಗೆಯಾದ ಮೇಲೆ ಅವರ ಎರಡೂ ಕಿವಿಯೊಳಗಿನ ಒಂದೊಂದು ಮೂಳೆ, ಅಕ್ಕಿಕಾಳಿಗಿಂತ ಚಿಕ್ಕದು, ಬಿಗಿದುಕೊಂಡು ಅಲುಗದಂತಾಗಿತ್ತು. ವರ್ಷದಿಂದ ವರ್ಷಕ್ಕೆ ಲೋಕ ದೂರ ಸರಿಯಿತು. ಆಪರೇಷನ್ ಮಾಡಿಸಿಕೊಳ್ಳಿ ಎಂದು ಡಾಕ್ಟರು ಅಂದಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಮಗಳ ಓದು, ಮಗಳ ಬಾಣಂತನ, ಕೊನೆಗೆ ಗಂಡನ ಗಂಟಲು. ಹೋದ ತಿಂಗಳು ಅಂತೂ ಮೇಲಿನ ಮಹಡಿಯಲ್ಲಿ ಒಂದು ಕಿವಿಯ ಆ ಮೂಳೆ ತೆಗೆದು ಪುಟ್ಟದೊಂದು ಕಡ್ಡಿ ಕೂರಿಸಿದರು.

“ಮನೇಲಿ ಹನ್ನೊಂದು ಗಡಿಯಾರ ಇದೆ ಕಣಮ್ಮ,” ಎಂದು ಬಂದ ಕೂಡಲೇ ಅವರು ಟೆಕ್ನಿಷಿಯನ್‌ಗೆ ಹೇಳಿದ್ದರು. “ಒಂದೂ ಇನ್ನೊಂದರ ಜೊತೆ ಹೊಂದಿಕೊಂಡು ನಡೆಯಲ್ಲ. ಇಷ್ಟು ವರ್ಷ ಈ ಮನುಷ್ಯ ಹೇಗೆ ನಿದ್ದೆ ಮಾಡಿದರೋ.” ನಲ್ಲಿ ತೊಟ್ಟಿಕ್ಕುವುದು ಕೇಳಿಸಿತಂತೆ, ಬಟ್ಟೆಯಲ್ಲಿ ಕತ್ತರಿ ಓಡುವುದು ಕೇಳಿಸಿತಂತೆ. ಹೋದದ್ದೆಲ್ಲ ಒಂದೊಂದಾಗಿ ಮನೆಗೆ ಮರಳಿತ್ತು, ಇವರ ದನಿ ಒಂದು ಬಿಟ್ಟು. ಅದಕ್ಕಾಗಿ ಟೈಲರಮ್ಮನ ಜೀವ ಹಾತೊರೆಯುತ್ತಿತ್ತು. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದು ಸಿಗುತ್ತದೆ ಎಂದರೂ ಗಂಡ ಅದನ್ನು ಮುಟ್ಟಿಯೂ ನೋಡಿರಲಿಲ್ಲ.

“ಇವರ ದನಿ ಹೇಗಿತ್ತು ಅಂತೀಯಾ?” ಎಂದರು ಟೈಲರಮ್ಮ ಈಗ. “ಉಪ್ಪು ಕೊಡು ಅಂದರೆ ಮೂರು ಮನೆಯವರು ಉಪ್ಪು ತರಬೇಕು, ಹಾಗಿತ್ತು. ಎದುರುಮನೆಗೆ ಹೊಸದಾಗಿ ಬಂದವರು, ದಿನಾ ಹೆಂಡತಿ ಜೊತೆ ಜಗಳ ಆಡ್ತಾನೆ ಅಂದುಕೊಂಡು ಇವರನ್ನ ಮಾತಾಡಿಸ್ತಾನೇ ಇರಲಿಲ್ಲ. ಇದರಲ್ಲಿ ಯಾರೋ ಮಗು ಮಲಗಿಸೋ ಥರ ಓದ್ತಾ ಇದ್ದಾನೆ.”

ಟೆಕ್ನಿಷಿಯನ್‌ಗೆ ಆಗ ನೆನಪಾಯಿತು.

ಅಂದು ಈ ಮನುಷ್ಯ ಹಾಳೆ ಹಿಡಿದು ಮೊದಲ ಸಾಲನ್ನು ಓದಿದ್ದಲ್ಲ, ಕೂಗಿದ್ದು. ಗಂಟಲು ಒಡೆದಿದ್ದರೂ ಕೂಗಿದ್ದರು. ಪರದೆಯ ಮೇಲೆ ದನಿಯ ಮಟ್ಟ ತೋರಿಸುವ ಗೆರೆ ಕೆಂಪಿಗೆ ಹೋಗಿ ಹೊಡೆದು ದಾಖಲೆ ಕೆಟ್ಟಿತ್ತು. ಎರಡನೆಯ ಸಲವೂ ಹಾಗೇ, ಮೂರನೆಯ ಸಲವೂ ಹಾಗೇ. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಅವಳಿಗೆ ರೇಗಿತು. “ಮೆಲ್ಲಗೆ ಓದಿ ಸರ್. ಇಲ್ಲಿ ಯಾರೂ ಕಿವುಡರಿಲ್ಲ,” ಎಂದಿದ್ದಳು. ಹೊರಗಿನ ಬೆಂಚಿನ ಮೇಲೆ ಚೀಲ ಹಿಡಿದು ಕೂತಿದ್ದ ಹೆಂಗಸು ಯಾರೆಂದು ಅವಳಿಗೇನು ಗೊತ್ತು. ಆತ ತಪ್ಪಾಯಿತೆಂಬಂತೆ ತಲೆಯಾಡಿಸಿ, ಸ್ವಲ್ಪ ಹೊತ್ತು ಕಣ್ಣುಮುಚ್ಚಿ, ನಾಲ್ಕನೆಯ ಸಲ ಹೀಗೆ ಓದಿದ್ದರು. ಕೆಟ್ಟ ದಾಖಲೆಗಳನ್ನು ಅಂದಿನದ್ದನ್ನು ಅಂದೇ ಅಳಿಸುವುದು ಅವಳ ಪದ್ಧತಿ. ಅವಳ ಫೋಲ್ಡರುಗಳಷ್ಟು ಚೊಕ್ಕಟ ಇನ್ನಾರದ್ದೂ ಇಲ್ಲ ಎಂದು ಪ್ರೊಫೆಸರ್ ಎರಡು ಸಲ ಹೊಗಳಿದ್ದರು.

ಸುಮ್ಮನಿದ್ದುಬಿಡಬಹುದಿತ್ತು. ಅವಳು ಎಲ್ಲವನ್ನೂ ಹೇಳಿದಳು, ಕಿವುಡರ ಮಾತನ್ನೂ ಬಿಡದೆ.

ಟೈಲರಮ್ಮ ಕೇಳಿಸಿಕೊಂಡರು. “ಆ ಮೂರರಲ್ಲಿ ಒಂದಾದರೂ?”

“ಇಲ್ಲ ಅಮ್ಮ. ಒಂದೂ ಇಲ್ಲ.”

“ಒಂದು ಸಾಲು?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಮೇಜಿನ ಮೇಲಿದ್ದ ಸಹಿಯ ಕಾಗದವನ್ನು ಟೈಲರಮ್ಮ ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿದರು. ಸಿಟ್ಟೇನೂ ಇರಲಿಲ್ಲ. ಅಳತೆಗೆ ಬರದ ಬಟ್ಟೆಯನ್ನು ಪಕ್ಕಕ್ಕಿಡುವವರ ಹಾಗೆ ತಳ್ಳಿದರು. ಚೀಲವನ್ನೂ ಹೆಗಲಿಗೇರಿಸಿಕೊಂಡರು. ಆಮೇಲೆ ಅದೇನು ತೋಚಿತೋ, ನಿಂತಲ್ಲೇ ಹೆಡ್‌ಫೋನ್ ಎತ್ತಿ ಆಪರೇಷನ್ ಆದ ಕಿವಿಗೆ ಒತ್ತಿಕೊಂಡು, ಹಾಕು ಎಂದು ಸನ್ನೆ ಮಾಡಿದರು.

ಈ ಸಲ ಪೂರ್ತಿ ಕೇಳಿದರು. ಕೇಳಿ, ಗಂಡನ ಕಡೆ ತಿರುಗಿದರು.

“ಇಷ್ಟು ಮೆಲ್ಲಗೆ ಮಾತಾಡಕ್ಕೆ ಬರ್ತಿತ್ತಾ ರೀ ನಿಮಗೆ? ಯಾರ ಹತ್ರ ಮಾತಾಡ್ತಿದ್ರಿ ಹೀಗೆ? ಅಂಗಡಿಗೆ ಬರೋರ ಹತ್ರಾನಾ?” ನಗುತ್ತಲೇ ಶುರುಮಾಡಿದ್ದರು. “ಗಡಿಯಾರ ಕೆಟ್ಟೋರಿಗೆಲ್ಲ ಈ ದನಿ. ನನಗೆ ಮಾತ್ರ ಡಂಗೂರ.” ಕೊನೆಯ ಮಾತಿಗೆ ಬರುವಷ್ಟರಲ್ಲಿ ನಗು ಉಳಿದಿರಲಿಲ್ಲ. ಹೊಟ್ಟೆಕಿಚ್ಚೇ ಆಗಿತ್ತು ಅವರಿಗೆ, ಈ ದನಿ ಕೇಳಿದ ಊರಿನವರೆಲ್ಲರ ಮೇಲೆ.

ವಾಚಿನವರು ಸ್ಲೇಟಿನ ಮೇಲೆ ಏನೋ ಬರೆದು ಅಂಗೈಯಿಂದ ಒರೆಸಿದರು. ಮತ್ತೆ ಬರೆದರು. ಸಣ್ಣ ಮುಳ್ಳು, ಸಣ್ಣ ತಿರುಪುಗಳ ಜೊತೆ ಬದುಕಿದ ಕೈ, ಅಕ್ಷರ ದುಂಡಗಿತ್ತು.

‘ನಿನ್ನ ಹತ್ತಿರಾನೇ. ನೀನು ಮಿಷನ್ ತುಳೀತಾ ಕೂತಿರುವಾಗ, ಹಿಂದಿನಿಂದ.’

ಟೈಲರಮ್ಮ ಓದಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು.

“ಯಾವಾಗ?”

‘ದಿನಾ.’

“ಏನಂತ?”

ವಾಚಿನವರು ಬಳಪವನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಎದ್ದು ಬಂದು, ಮೇಜಿನ ಮೇಲಿದ್ದ ಕಾಗದಕ್ಕೆ ಸಹಿ ಹಾಕಿ ಮತ್ತೆ ಹೋಗಿ ಗೋಡೆಯ ಪಕ್ಕ ಕೂತರು.

ಟೈಲರಮ್ಮ ಚೀಲ ಕೆಳಗಿಟ್ಟು, ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು, ಗಂಡನಿಗೆ ಬೆನ್ನುಮಾಡಿ ಕೂತರು.

“ಇನ್ನೊಂದು ಸಲ ಹಾಕಮ್ಮ,” ಎಂದರು. “ಈ ಹೆಡ್‌ಫೋನ್ ಬೇಡ. ಕೋಣೆಯಲ್ಲೇ ಕೇಳಲಿ.”

ಟೆಕ್ನಿಷಿಯನ್ ಸ್ಪೀಕರ್ ಹಾಕಿದಳು. ದನಿ ಸ್ವಲ್ಪ ಒಡಕಾಗಿ, ಅವಸರವಿಲ್ಲದೆ ಕೋಣೆಯಲ್ಲಿ ಹರಡಿತು. ಛತ್ರಿ ಹಿಡಿದವನು ಝರಿ ದಾಟಿದ. ಟೈಲರಮ್ಮನ ಎರಡು ಕೈಗಳೂ ಮೇಜಿನ ಅಂಚಿನ ಮೇಲಿದ್ದವು, ಬಟ್ಟೆ ಸರಿಸುವವರಂತೆ. ಮೇಜಿನ ಕೆಳಗೆ ಅವರ ಪಾದ ಮೆಲ್ಲಗೆ ಏಳುತ್ತ ಇಳಿಯುತ್ತ ಇತ್ತು.

ಹಿಂದೆ ಗೋಡೆಯ ಪಕ್ಕದಲ್ಲಿ ವಾಚಿನವರ ತುಟಿಗಳು ಅಲುಗತೊಡಗಿದವು. ಓದಿದ್ದು ಇನ್ನೂ ಬಾಯಿಪಾಠವಿದೆಯಲ್ಲ ಎಂದು ಟೆಕ್ನಿಷಿಯನ್‌ಗೆ ಆಶ್ಚರ್ಯವಾಯಿತು. ಮೇಜಿನ ಮೇಲಿದ್ದ ಓದಿನ ಹಾಳೆಯನ್ನು ಎತ್ತಿಕೊಂಡು, ಅದರ ಮೇಲೆ ಬೆರಳಿಟ್ಟು, ಸಾಲು ಹಿಡಿದು, ಅವರ ತುಟಿಗಳನ್ನೇ ನೋಡಿದಳು. ಘಂಟೆ ಬಾರಿಸಿದವನು ಊಟ ಮಾಡಿದ. ತುಟಿಗಳು ಹೇಳುತ್ತಿದ್ದುದು ಅದಲ್ಲ. ಹಾಳೆಯಲ್ಲಿದ್ದ ಯಾವ ಸಾಲೂ ಅಲ್ಲ. ಅವಳು ಕಣ್ಣು ಕೆಳಗಿಳಿಸಿ ಹಾಳೆಯನ್ನು ಮಡಿಚಿದಳು.