ಬಳ್ಳಿಗೆ ಹೊಲಿದ ಅಂಗಿ

ರೈಲು ಹಳಿಯ ಆಚೆ ನಗರಸಭೆಯವರು ಪಟ್ಟಿ ಪಟ್ಟಿಯಾಗಿ ಹಂಚಿಕೊಟ್ಟ ತರಕಾರಿ ತೋಟಗಳಲ್ಲಿ ಹದಿನೇಳನೆಯದು ದರ್ಜಿಯ ಹೆಂಡತಿಯದು. ನಾಲ್ಕು ಮಂಚ ಹಾಕಿದರೆ ತುಂಬಿಹೋಗುವಷ್ಟು ನೆಲ. ಒಂದು ತಗಡಿನ ಗೂಡು, ಒಂದು ನೀರಿನ ಪೀಪಾಯಿ, ಒಂದು ಕುಂಟು ಬೆಂಚು. ಇಪ್ಪತ್ತೆಂಟು ವರ್ಷ ಆಕೆ ಅಲ್ಲಿ ಬಗ್ಗಿ ದುಡಿದಳು. ದರ್ಜಿ ಸಂಜೆ ಅಂಗಡಿಯ ಬಾಗಿಲು ಹಾಕಿಕೊಂಡು ಅವಳನ್ನು ಕರೆದೊಯ್ಯಲು ಬರುತ್ತಿದ್ದನೇ ಹೊರತು ಮಣ್ಣಿಗೆ ಕೈ ಹಚ್ಚಿದವನಲ್ಲ. ನಾಳೆ ಬಿಳಿ ಬಟ್ಟೆ ಮುಟ್ಟಬೇಕಾದ ಕೈ, ಕೊಳೆಯಾಗಬಾರದು ಎಂಬುದು ಅವನ ನೆವ.

ದೇವರು ಅವಳನ್ನು ಕರೆದುಕೊಂಡು ಐದು ತಿಂಗಳಾಗಿತ್ತು. ಅವಳು ಬಿಟ್ಟುಹೋದದ್ದರಲ್ಲಿ ಅವನಿಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು, ಗುಂಡಿಗಳ ಡಬ್ಬಿಯ ತಳದಲ್ಲಿ ಸಿಕ್ಕಿದ ಒಂಬತ್ತು ಬೀನ್ಸ್ ಬೀಜ. ಹಾಲಿನಂಥ ಬಿಳಿ ಬೀಜ, ಕಣ್ಣಿನ ಪಕ್ಕದಲ್ಲೊಂದು ಕೆಂಪು ಮಚ್ಚೆ. ಅವಳಿಗೆ ತಾಯಿ ಕೊಟ್ಟದ್ದು, ತಾಯಿಗೆ ಅಜ್ಜಿ ಕೊಟ್ಟದ್ದು. ವರ್ಷವೂ ಬಿತ್ತಿ, ತಿಂದು, ಕೊನೆಯ ಕಾಯಿಗಳನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು ಮತ್ತೆ ಬೀಜ ಮಾಡಿಡುತ್ತಿದ್ದಳು. ಕಾಯಿಲೆ ಬಿದ್ದ ವರ್ಷ ಬಿತ್ತಲಾಗಲಿಲ್ಲ. ಆ ಜಾತಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಹಳೆಯ ಬೀಜ ಮೊಳೆಯುವುದಿಲ್ಲ ಎಂದು ಯಾರೋ ಅಂದದ್ದೇ ತಡ, ದರ್ಜಿ ಒಂಬತ್ತನ್ನೂ ಒಂದೇ ದಿನ ನೆಲಕ್ಕೆ ಹಾಕಿದ.

"ಒಂಬತ್ತೂ ಹಾಕ್ಬಿಟ್ರಾ?" ಎಂದು ನಾದಿನಿ ಹಣೆ ಚಚ್ಚಿಕೊಂಡಳು. ಅವಳು ಹೆಂಡತಿಯ ತಂಗಿ. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವಳು. ಕಣ್ಣು ಚುರುಕು, ನಾಲಿಗೆ ಇನ್ನೂ ಚುರುಕು. "ನಮ್ಮಕ್ಕ ಯಾವತ್ತಾದ್ರೂ ಡಬ್ಬಿ ಬರಿದು ಮಾಡಿದ್ಲಾ ಭಾವ? ನೆಲಕ್ಕೊಂದು ಪಾಲು, ಗಾಳಿ ಮಳೆ ತಿನ್ನೋಕೆ ಆಕಾಶಕ್ಕೊಂದು ಪಾಲು, ಡಬ್ಬಿಗೊಂದು ಪಾಲು ಅಂತಿದ್ಲು."

"ನನಗೆ ಹೇಳಿರಲಿಲ್ಲ."

"ಹೇಳಿರ್ತಾಳೆ. ನೀವು ಮಿಷನ್ನು ತುಳೀತಾ ಇದ್ದಿರಿ."

ಒಂಬತ್ತರಲ್ಲಿ ಐದು ಮೊಳೆತವು. ಆ ವರ್ಷ ಋತುಗಳಿಗೆ ತಲೆ ಕೆಟ್ಟಿತ್ತು. ಬಿಸಿಲು ಬರಬೇಕಾದಾಗ ಚಳಿ ಬಂದು ಕೂತಿತು. ಬೆಳಗಾದರೆ ಎಲೆಗಳ ಅಂಚು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತಿರುತ್ತಿತ್ತು. ಎರಡು ಸಸಿ ಹಾಗೆಯೇ ಹೋದವು. ಉಳಿದದ್ದು ಮೂರು. ಅವು ಹೇಗೋ ಚಳಿ ಕಳೆದು, ಕೋಲು ಹಿಡಿದು ಎದೆಮಟ್ಟಕ್ಕೆ ಏರಿದವು. ಅಷ್ಟು ಹೊತ್ತಿಗೆ ಪಕ್ಕದ ತೋಟದ ಗಡಿಯಾರ ರಿಪೇರಿಯವನು ತನ್ನ ಎಡ ಮೊಣಕಾಲನ್ನು ಒತ್ತಿಕೊಳ್ಳುತ್ತ, "ಆಲಿಕಲ್ಲು ಬೀಳುತ್ತೆ ಕಣೋ" ಎಂದ.

"ಹೋದ ವಾರ ಮಳೆ ಅಂದಿದ್ದೆ. ಎಲ್ಲಿ ಬಂತು?"

"ಅದು ಬಲಗಾಲು ಹೇಳಿದ್ದು. ಅದು ಯಾವಾಗ್ಲೂ ಸ್ವಲ್ಪ ಮುಂದೆ ಓಡುತ್ತೆ. ಎಡಗಾಲು ಸರಿಯಾದ ಟೈಮು."

ದರ್ಜಿ ನಕ್ಕ, ಆದರೆ ಮನೆಗೆ ಹೋಗಿ ಟೇಪು ತಂದ. ಮೂರು ಬಳ್ಳಿಗಳ ಎತ್ತರ, ಸುತ್ತಳತೆ, ಹೆಗಲು ಎಂದು ತೋರಿದ ಕಡೆ ಅಗಲ, ಎಲ್ಲವನ್ನೂ ಬರೆದುಕೊಂಡ. ದಪ್ಪನೆಯ ಬಿಳಿ ಲೈನಿಂಗ್ ಬಟ್ಟೆಯಲ್ಲಿ ಮೂರು ಅಂಗಿ ಹೊಲಿದ. ತಲೆಯ ಮೇಲೆ ದುಂಡು ಮುಚ್ಚಳ, ಬುಡದಲ್ಲಿ ಬಿಗಿಯಲು ಲಾಡಿ. ಕೋಲುಗಳ ಮೇಲಿಂದ ಇಳಿಬಿಟ್ಟಾಗ ಎಲ್ಲೂ ಒಂದು ಸುಕ್ಕು ಇರಲಿಲ್ಲ. ಅಳತೆ ಅಂದರೆ ಅಳತೆ.

ಮೂರನೆಯ ದಿನ ಮಧ್ಯಾಹ್ನ ಆಲಿಕಲ್ಲು ಬಿತ್ತು. ದರ್ಜಿ ತಗಡಿನ ಗೂಡಿನೊಳಗೆ ಕೂತಿದ್ದ. ತಗಡಿನ ಮೇಲಿನ ಸದ್ದು ಮೊದಲು ಕಲ್ಲಿನದಾಗಿತ್ತು. ಆಮೇಲೆ ನೂರು ಹೊಲಿಗೆ ಮಿಷನ್ನು ಒಟ್ಟಿಗೆ ಓಡಿದಂತಾಯಿತು. ಆಮೇಲೆ ಅದು ಒಂದೇ ಮಿಷನ್ನಿನ ಸದ್ದು, ತನ್ನದೇ. ಪಕ್ಕದಲ್ಲಿ ಆಕೆ ಕೂತು ಗುಂಡಿ ಹಚ್ಚುತ್ತ, ಹಲ್ಲಿನಿಂದ ದಾರ ಕಡಿಯುತ್ತಿದ್ದಳು. ಎಷ್ಟು ಹೊತ್ತು ಹಾಗಿದ್ದನೋ. ಸದ್ದು ನಿಂತಾಗ ಹೊರಗೆ ನೆಲವೆಲ್ಲ ಬಿಳಿ, ಗಾಳಿಯಲ್ಲಿ ಜಜ್ಜಿದ ಎಲೆಯ ವಾಸನೆ. ಅಷ್ಟೂ ತೋಟಗಳ ಎಲೆಕೋಸು ಜರಡಿಯಾಗಿತ್ತು. ಹದಿನೇಳನೆಯದರಲ್ಲಿ ಮಾತ್ರ ಮೂರು ಬಿಳಿ ಅಂಗಿಗಳು, ಶಾಲೆಯ ಮೊದಲ ದಿನದ ಮಕ್ಕಳಂತೆ ಸಾಲಾಗಿ ನಿಂತಿದ್ದವು.

"ನನ್ನ ಎಲೆಕೋಸಿಗೂ ಒಂದೊಂದು ಕೋಟು ಹೊಲಿದುಕೊಡಪ್ಪ" ಎಂದ ಗಡಿಯಾರದವನು. "ಜೇಬು ಬೇಡ."

ಅಂದಿನಿಂದ ದರ್ಜಿ ಆ ಅಂಗಿಗಳನ್ನು ತೆಗೆಯಲಿಲ್ಲ. ಚಳಿ ಸರಿದು ಒಮ್ಮೆಲೇ ಉರಿಬಿಸಿಲು ಬಂತು. ಬಿಸಿಲಿಗೂ ಇರಲಿ ಎಂದುಕೊಂಡ. ದಿನವೂ ಲಾಡಿ ಸಡಿಲಿಸಿ ಬುಡಕ್ಕೆ ನೀರು ಹಾಕಿ, ಮತ್ತೆ ಬಿಗಿದು, ಕೈಮುಗಿದು ಬೆಂಚಿನ ಮೇಲೆ ಕೂರುತ್ತಿದ್ದ. ಬೆಳಗಿನ ಮಂಜಿನಲ್ಲಿ ಸಾಲಿನ ಕೊನೆಗೆ ಯಾರೋ ಬಗ್ಗಿ ಕಳೆ ಕೀಳುವಂತೆ ಕಾಣುತ್ತಿತ್ತು. ಹತ್ತಿರ ಹೋದರೆ ಪೀಪಾಯಿ. ಅದು ಗೊತ್ತಿದ್ದರೂ ಅವನು ದಿನವೂ ನಿಧಾನವಾಗಿಯೇ ಹತ್ತಿರ ಹೋಗುತ್ತಿದ್ದ.

ಒಂದು ಮಧ್ಯಾಹ್ನ ಬೆಂಚಿನ ಮೇಲೆ ಕಣ್ಣು ಹತ್ತಿತು. ಮೂರು ಅಂಗಿಗಳ ನಡುವೆ ನಾಲ್ಕನೆಯದೊಂದು ನಿಂತಿತ್ತು. ಅದರೊಳಗಿದ್ದವಳು ಆಕೆ. ತುಟಿ ಆಡಿಸುತ್ತಿದ್ದಳು, ದನಿ ಬರುತ್ತಿರಲಿಲ್ಲ. ಅವನು ಟೇಪು ಹಿಡಿದುಕೊಂಡು, ಇರು, ಕುತ್ತಿಗೆ ಸರಿಮಾಡ್ತೀನಿ, ಎನ್ನುತ್ತಿದ್ದ.

ಎಚ್ಚರವಾದಾಗ ನಾದಿನಿ ಎದುರಿಗೆ ಮಂಡಿಯೂರಿ ಮೂರನೆಯ ಅಂಗಿಯ ಲಾಡಿ ಬಿಚ್ಚುತ್ತಿದ್ದಳು. ಅಂಗಿಯನ್ನು ಸೊಂಟದವರೆಗೆ ಎತ್ತಿ ಮೂಗು ಮುಚ್ಚಿಕೊಂಡಳು. ಒಳಗೆ ಎಲೆಗಳು ಹಳದಿ. ತುದಿ ಚಿಗುರು ಮುಚ್ಚಳಕ್ಕೆ ತಗುಲಿ ಕೆಳಮುಖವಾಗಿ ಮಡಚಿಕೊಂಡಿತ್ತು. ಅರಳಿದ ಹೂವುಗಳು ಕಾಯಿಯಾಗದೆ ಬುಡದಲ್ಲಿ ಉದುರಿ ಬಿದ್ದಿದ್ದವು.

"ಉಸಿರು ಕಟ್ಟಿದೆ ಭಾವ. ಜೇನು ಎಲ್ಲಿಂದ ಒಳಗೆ ಬರ್ಬೇಕು? ಲಾಡಿ ಬಿಚ್ಕೊಂಡಾ?"

"ಬಿಸಿಲು ಅಂತ..."

"ಶಾಲೆ ಮಕ್ಕಳಿಗೆ ಅಂಗಿ ಹೊಲಿಯೋವಾಗ ಒಳಗೆ ಎಷ್ಟು ಬಟ್ಟೆ ಬಿಡ್ತೀರಿ?"

"ಎರಡು ಬೆರಳು. ಬೆಳೆಯೋ ಮಕ್ಕಳಲ್ವಾ."

"ಇದಕ್ಕೆ ಎಷ್ಟು ಬಿಟ್ರಿ?"

ದರ್ಜಿ ಮಡಚಿದ ಚಿಗುರನ್ನು ಬೆರಳಿನಿಂದ ಎತ್ತಿ ನೋಡಿದ. ನಲವತ್ತು ವರ್ಷ ಕತ್ತರಿ ಹಿಡಿದವನು ಇದೊಂದನ್ನು ಮರೆತಿದ್ದ. ಇನ್ನು ಬೆಳೆಯುವುದಾಗಲಿ ಸೊರಗುವುದಾಗಲಿ ಇಲ್ಲದವರಿಗೆ ಮಾತ್ರ ಒಳಗೆ ಬಟ್ಟೆ ಬಿಡದೆ ಹೊಲಿಯುವುದು. ಅಂಥ ಬಟ್ಟೆ ಅವನು ಜನ್ಮದಲ್ಲಿ ಒಂದೇ ಹೊಲಿದಿದ್ದ, ಆಕೆ ಹೋದ ದಿನ, ತನ್ನ ಮನೆಯಲ್ಲೇ. ಆಮೇಲೆ ಕೈಗೆ ಅದೇ ಅಳತೆ ಕೂತುಬಿಟ್ಟಿತ್ತು.

"ಕಿಟಕಿ ತೆಗೀರಿ ಅಂತ ಕೇಳಿದ್ಲು ನಿಮ್ಮಕ್ಕ" ಎಂದ. "ಒಂದ್ಸಲ ತೋಟಕ್ಕೆ ಕರ್ಕೊಂಡು ಹೋಗಿ, ಗಾಳಿ ಬೀಸೋ ಕಡೆ ಕೂರಿಸಿ ಅಂತ. ನಾನು ಥಂಡಿ ತಗಲುತ್ತೆ ಅಂತ ಕಂಬಳಿ ಹೊದಿಸಿದೆ. ಕೊನೇವರೆಗೂ ತೆಗೀಲಿಲ್ಲ."

ನಾದಿನಿ ಹಳದಿ ಎಲೆಯೊಂದನ್ನು ಚಿವುಟಿ ಮಡಿಲಿಗೆ ಹಾಕಿಕೊಂಡಳು. "ನಂಗೂ ಕೇಳಿದ್ಲು ಭಾವ. ನಾನು ನರ್ಸು, ನಂಗೆ ಗೊತ್ತಿರ್ಬೇಕಿತ್ತು. ನಾನೂ ಚಿಲಕ ಹಾಕಿ ಬಂದೆ."

ಅಷ್ಟರಲ್ಲಿ ಹಳಿಯ ಆಚೆಯಿಂದ ಧೂಳು ಎದ್ದಿತು. "ಎಡಗಾಲು! ಎಡಗಾಲು!" ಎಂದು ಗಡಿಯಾರದವನು ಕುಂಟುತ್ತ ಬಂದ. "ಬಿರುಗಾಳಿ ಬರ್ತಿದೆ. ಇವತ್ತೊಂದು ದಿನ ಅಂಗಿ ತೆಗೀಬೇಡವೋ, ಉದುರಿ ಹೋಗುತ್ತೆ!"

ಮೂರನೆಯ ಬಳ್ಳಿಯ ನೆತ್ತಿಯಲ್ಲಿ, ಮಡಚಿದ ಚಿಗುರಿನ ಪಕ್ಕ, ಇನ್ನೂ ಅರಳದ ಒಂದೇ ಒಂದು ಗೊಂಚಲು ಮೊಗ್ಗು ಉಳಿದಿತ್ತು. ಆ ಬೀಜದ ವಂಶವೆಲ್ಲ ಅಷ್ಟರಲ್ಲಿತ್ತು. ದರ್ಜಿ ಕಣ್ಣು ಮುಚ್ಚಿದ. ದೇವರೇ, ಗಾಳಿ ನಿನ್ನದು, ಬಳ್ಳಿಯೂ ನಿನ್ನದು, ನಡುವೆ ನಿಂತು ಹೊಲಿಗೆ ಹಾಕಿದವನು ನಾನು, ಎಂದ. ಜೇಬಿನಿಂದ ಬ್ಲೇಡು ತೆಗೆದು ಆ ಅಂಗಿಯ ಹೊಲಿಗೆಯನ್ನು ಬುಡದಿಂದ ನೆತ್ತಿಯವರೆಗೆ ಸರ್ರನೆ ಬಿಚ್ಚಿದ. ಅದೇ ಬಟ್ಟೆಯನ್ನು ಪಟ್ಟಿಗಳಾಗಿ ಹರಿದು ಬಳ್ಳಿಯನ್ನು ಕೋಲಿಗೆ ಕಟ್ಟತೊಡಗಿದ. ಪ್ರತಿ ಗಂಟಿನ ಒಳಗೂ ತನ್ನ ಎರಡು ಬೆರಳು ತೂರಿಸಿ ನೋಡಿ, ಆಮೇಲೆ ಬಿಗಿದ. ನಾದಿನಿ ಮೊದಲನೆಯದನ್ನು ಬಿಡಿಸಿದಳು. ಎರಡನೆಯದಕ್ಕೆ ಸಮಯ ಸಿಗಲಿಲ್ಲ.

ಗಾಳಿ ಬಂತು. ಎರಡನೆಯ ಅಂಗಿ ಹಾಯಿಯಂತೆ ಉಬ್ಬಿ, ಬಳ್ಳಿಯನ್ನು ಬೇರುಸಹಿತ ಕಿತ್ತುಕೊಂಡು, ಹಳಿಗಳ ಮೇಲಿಂದ ತೇಲುತ್ತ ಹೋಯಿತು. ಮೊದಲನೆಯದು ಕಟ್ಟುವ ಮುಂಚೆಯೇ ನಡುವಿಗೆ ಮುರಿಯಿತು. ಮೂರನೆಯದು ಕೋಲಿನ ಸುತ್ತ ಕುಣಿಯಿತು. ಅತ್ತ ಎರಡು ಬೆರಳು, ಇತ್ತ ಎರಡು ಬೆರಳು. ಮುರಿಯಲಿಲ್ಲ. ದರ್ಜಿಯ ಮುಖಕ್ಕೂ ಆ ಗಾಳಿ ಬಡಿಯಿತು. ಅದರಲ್ಲಿ ಮಣ್ಣಿನ ವಾಸನೆ ಇತ್ತು, ದೂರದ ಮಳೆಯ ತಂಪಿತ್ತು. ಇದನ್ನೇ ಕೇಳಿದ್ದಳು ಎಂದುಕೊಂಡು ಅವನು ಬಾಯಿ ತೆರೆದು ಅತ್ತ. ಗಾಳಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ನಾಲ್ಕು ದಿನದ ಮೇಲೆ ಮೊಗ್ಗು ಅರಳಿತು. ಹೂವಿನ ಸುತ್ತ ಜೇನು ಹಾರಾಡಿತು. ಗೊಂಚಲಿನಲ್ಲಿ ಒಂದೇ ಒಂದು ಕಾಯಿ ಕಚ್ಚಿತು. ಅದು ತುಂಬಿ, ಹಣ್ಣಾಗಿ, ಬಳ್ಳಿಯಲ್ಲೇ ಒಣಗಿ ಗಲಗಲ ಎನ್ನುವವರೆಗೆ ದರ್ಜಿ ಅದನ್ನು ಮುಚ್ಚಲೂ ಇಲ್ಲ, ಮುಟ್ಟಲೂ ಇಲ್ಲ.

ಬಿಡಿಸಿದವಳು ನಾದಿನಿ, ಆ ಕುಂಟು ಬೆಂಚಿನ ಮೇಲೆ ಕೂತು. ನಾಲ್ಕು ಬೀಜ.

"ನೆಲಕ್ಕೊಂದು, ಆಕಾಶಕ್ಕೊಂದು, ಡಬ್ಬಿಗೊಂದು" ಎಂದು ಮಚ್ಚೆಯ ಬೀಜಗಳನ್ನು ಒಂದೊಂದಾಗಿ ಅವನ ಅಂಗೈಗೆ ಇಟ್ಟಳು. ನಾಲ್ಕನೆಯದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಅಯ್ಯೋ, ಇದಕ್ಕೆ ಮಚ್ಚೆನೇ ಇಲ್ವಲ್ಲ ಭಾವ!"

ದರ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದ.

"ಅದು ನಮ್ಮ ಕಡೇದು ಇರ್ಬೇಕು" ಎಂದ. "ಅದನ್ನೂ ಡಬ್ಬಿಗೆ ಹಾಕು."